ಹಿಂದೆ ಹಿಡಿಯುವವಳ ಆಲ್ಬಮ್

ಕವರಿನ ಮೇಲೆ ಅವಳ ಫೋಟೊ ಇದೆ, ನನ್ನದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚು. ಕಲೆ, ಪರಂಪರೆ, ಹಳೆಯ ನೆನಪು ಅಂತ ಸುತ್ತಿ ಬಳಸಿ ಕೊನೆಗೆ ಇದನ್ನೇ ಹೇಳುವುದಕ್ಕಿಂತ ಈಗಲೇ ಹೇಳಿದರೆ ನನಗೂ ಹಗುರ, ಓದುವವರಿಗೂ ಹಗುರ.

ಫೋಟೊದಲ್ಲಿ ಅವಳು ಮರದ ಕುರ್ಚಿಯ ಮೇಲೆ ಕೂತಿದ್ದಾಳೆ. ಇಲಕಲ್ ಸೀರೆ, ತಲೆ ತುಂಬ ಸೆರಗು, ಹಣೆಯಲ್ಲಿ ವಿಭೂತಿ. ಸುತ್ತ ಉದಗೀರಿನ ನಾಲ್ವರು ಹುಡುಗರು ನಿಂತಿದ್ದಾರೆ. ಅವರ ವೇಷ ನೋಡಬೇಕು. ನನ್ನ ಚಿಕ್ಕಪ್ಪನ ಮದುವೆಯ ಕಪ್ಪು ಬಿಳುಪು ಫೋಟೊದಿಂದ ಎದ್ದು ಬಂದವರ ಹಾಗಿದ್ದಾರೆ. ಪಾದ ಮುಚ್ಚುವಷ್ಟು ಅಗಲದ ಬೆಲ್ ಬಾಟಮ್, ಎದೆಯವರೆಗೆ ಇಳಿದ ಕಾಲರು, ದವಡೆಯವರೆಗೆ ಬಿಟ್ಟ ಕೆನ್ನೆಗೂದಲು. ಇಪ್ಪತ್ತೈದರ ಹುಡುಗರಿಗೆ ಐವತ್ತು ವರ್ಷದ ಹಿಂದಿನ ಬಟ್ಟೆಯ ಮೇಲೆ ಇಷ್ಟೊಂದು ಮೋಹ ಏಕೋ ನನಗೆ ತಿಳಿಯದು. ಏಕತಾರಿ, ದಿಮ್ಮಡಿ ಒಂದು ಕಡೆ, ಎಲೆಕ್ಟ್ರಿಕ್ ಗಿಟಾರು, ಡ್ರಮ್ಮು ಇನ್ನೊಂದು ಕಡೆ ಇಟ್ಟುಕೊಂಡು ನುಡಿಸುತ್ತಾರೆ. ಹೈದರಾಬಾದಿನ ಗುಜರಿಯಿಂದ ತಂದ ಹಳೆಯ ಟೇಪಿನ ಯಂತ್ರದಲ್ಲಿ, ಒಂದೇ ಕೋಣೆಯಲ್ಲಿ ಎಲ್ಲರೂ ಕೂತು, ಒಂದೇ ಉಸಿರಿಗೆ ಹಾಡಿ ರೆಕಾರ್ಡ್ ಮಾಡುತ್ತಾರೆ. ಫೋನಿನಲ್ಲಿ ಸಿಗುವ ಹಾಡನ್ನು ಮತ್ತೆ ಗ್ರಾಮಾಫೋನಿನ ದೊಡ್ಡ ಕಪ್ಪು ತಟ್ಟೆಯ ಮೇಲೂ ಒತ್ತಿಸಿ ಮಾರುತ್ತಾರೆ. ಇದಕ್ಕೆ ರೂಟ್ಸ್ ರಾಕ್ ಅನ್ನುತ್ತಾರಂತೆ. ಇದು ಅವರ ಎರಡನೆಯ ಆಲ್ಬಮ್. ಮೊದಲನೆಯದು ಯಾರಿಗೂ ಗೊತ್ತಿಲ್ಲ. ಎರಡನೆಯದು ಎಲ್ಲರಿಗೂ ಗೊತ್ತು, ಏಕೆಂದರೆ ಅದರಲ್ಲಿ ಅವಳಿದ್ದಾಳೆ.

ಅವಳು ಅಂದರೆ ನನ್ನ ಗೆಳತಿ. ನಾವಿಬ್ಬರೂ ಗಡಿಯಾಚೆಯ ಸಾಸ್ತೂರದವರು. ತೊಂಬತ್ತಮೂರರ ಭೂಕಂಪದಲ್ಲಿ ಊರು ಬಿದ್ದ ನಂತರ ನಮ್ಮ ಎರಡೂ ಮನೆಯವರು ತಗಡಿನ ಪತ್ರಾ ಶೆಡ್ಡುಗಳಲ್ಲಿ ಬಗಲಲ್ಲಿ ಬಗಲು ಇದ್ದೆವು. ಸಂಜೆ ಹೆಂಗಸರು ಭಜನೆಗೆ ಕೂಡುತ್ತಿದ್ದರು, ಅಲ್ಲೇ ನಾವು ಹಾಡು ಕಲಿತೆವು. ಆಮೇಲೆ ನನ್ನನ್ನು ಉಮರಗಾದ ಕಾಳುಕಡಿಯ ಅಡತಿ ಅಂಗಡಿಯವರ ಮನೆಗೆ ಕೊಟ್ಟರು, ಅವಳನ್ನು ನಿಲಂಗಾದ ಬಟ್ಟೆ ಅಂಗಡಿಯವರ ಮನೆಗೆ. ಹಾಡು ಬಿಡಲಿಲ್ಲ. ಶ್ರಾವಣದ ಸೋಮವಾರಗಳಲ್ಲಿ ಒಂದು ವಾರ ನಮ್ಮ ಮನೆ, ಒಂದು ವಾರ ಅವಳ ಮನೆ. ಯಾರದಾದರೂ ತೊಟ್ಟಿಲು, ಗೃಹಪ್ರವೇಶ ಇದ್ದರೂ ಸಾಸ್ತೂರದ ಜೋಡಿ ಬರಲಿ ಅಂತ ಹೇಳಿ ಕಳಿಸುತ್ತಿದ್ದರು. ಸಂತೆಗೆ ಹೋದ ಹೆಣ್ಣಿನ ಹಾಡು, ನಮ್ಮ ಸಂತಿ ಹಾಡು, ಅದನ್ನಂತೂ ಕೇಳಿ ಹಾಡಿಸುತ್ತಿದ್ದರು.

ಜೋಡಿ ಹಾಡಿನ ರೀತಿ ಇಷ್ಟು. ಒಬ್ಬಳು ಮುಂದೆ ಹೇಳುತ್ತಾಳೆ, ಇನ್ನೊಬ್ಬಳು ಹಿಂದೆ ಹಿಡಿಯುತ್ತಾಳೆ. ಮುಂದಿನವಳ ಸಾಲು ಮುಗಿಯುತ್ತಿರುವಾಗಲೇ ಹಿಂದಿನವಳು ಅದರ ಕೊನೆಯ ಮಾತನ್ನು ಎತ್ತಿಕೊಳ್ಳಬೇಕು. ನಡುವೆ ಖಾಲಿ ಬೀಳಬಾರದು. ಮೊದಲಿನಿಂದಲೂ ಮುಂದೆ ಹೇಳುವವಳು ನಾನು, ಹಿಂದೆ ಹಿಡಿಯುವವಳು ಅವಳು. ಹೀಗೇ ಆಗಲಿ ಅಂತ ಯಾರೂ ನಿರ್ಧಾರ ಮಾಡಿರಲಿಲ್ಲ. ನನ್ನ ದನಿ ದೊಡ್ಡದು, ನಾನು ಮುಂದೆ ಕೂತೆ, ಅಷ್ಟೇ.

ಈಗ ಆ ಹುಡುಗರು ನಮ್ಮ ಮನೆಗೆ ಬಂದ ಕಥೆ. ಹೌದು, ಮೊದಲು ಬಂದದ್ದು ನಮ್ಮ ಮನೆಗೇ.

ಮಧ್ಯಾಹ್ನ ನಾಲ್ವರೂ ಹಳೆಯ ಜೀಪಿನಲ್ಲಿ ಬಂದಿಳಿದಾಗ ಅಂಗಡಿಯಲ್ಲಿ ಕೂತಿದ್ದ ನಮ್ಮವರು ನಾಟಕದ ಕಂಪನಿಯವರು ಚಂದಾ ಕೇಳಲು ಬಂದಿದ್ದಾರೆ ಅಂದುಕೊಂಡರು. ನಾನು ಒಳಗೆ ಕರೆದು ಕೂರಿಸಿದೆ. ಚುರುಮುರಿ ನೆನೆಸಿ ಒಗ್ಗರಣೆ ಹಾಕಿ ಸುಸಲಾ ಮಾಡಿಕೊಟ್ಟೆ. ಬೇಡ ಕಾಕೂ, ಈಗ ಊಟ ಆಗ್ಯಾದ ಅಂದರು. ಇಲ್ಲಿಯ ಹುಡುಗರು, ಹಾಗೆಯೇ ಅನ್ನಬೇಕು. ನಾನು ಮತ್ತೆ ಒತ್ತಾಯ ಮಾಡಿದೆ. ಮತ್ತೆ ಬೇಡ ಅಂದರು. ಮೂರನೆಯ ಸಲಕ್ಕೆ ತಟ್ಟೆ ಎತ್ತಿಕೊಂಡು ನೆಲಕ್ಕೆ ಒಂದು ಕಾಳು ಬೀಳದ ಹಾಗೆ ತಿಂದರು.

ತಿಂದ ಮೇಲೆ ಗಿಟಾರಿನವನು ವಿಷಯ ತೆಗೆದ. ಕಣ್ಣಿಗೆ ಹಳದಿ ಗಾಜಿನ ಕನ್ನಡಕ ಹಾಕಿಕೊಂಡಿದ್ದ.

"ಕಾಕೂ, ಸಾಸ್ತೂರದ ಜೋಡಿಯೊಳಗ ಮುಂದ ಹೇಳೋರು ನೀವೇ ಅಂತ ಮಂದಿ ಹೇಳಿದ್ರು. ಆ ಸಂತಿ ಹಾಡು ನಮಗ ಬೇಕ್ರೀ. ನಮ್ಮ ಹೊಸಾ ಆಲ್ಬಮ್‌ದಾಗ ಹಾಡ್ತೀರೇನು?"

ಮನಸ್ಸು ಆಗಲೇ ಹೂಂ ಅಂದಿತ್ತು. ಖುಷಿಯಿಂದ ಕೆನ್ನೆ ಬಿಸಿಯಾಯಿತು. ಆದರೆ ಬಾಯಿಂದ ಬಂದದ್ದು ಬೇರೆ.

"ಅಯ್ಯ, ನನಗೆಲ್ಲಿ ಬರ್ತದಪ್ಪಾ ಹಾಡ್ಲಿಕ್ಕ. ದನಿ ಒಡದು ಹೋಗ್ಯಾದ. ಖರೇ ಹಾಡಂದ್ರ ನಿಲಂಗಾದಾಕಿ ಹಾಡ್ತಾಳ ನೋಡ್ರಿ."

ನಮ್ಮ ಕಡೆ ಇದು ರೀತಿ. ಕೇಳಿದ ಕೂಡಲೇ ಹೂಂ ಅಂದರೆ ಹಾಡಲು ಕಾದು ಕೂತಿದ್ದಳು ಅನ್ನುತ್ತಾರೆ. ಮೊದಲು ನನಗೆ ಬರುವುದಿಲ್ಲ ಅನ್ನಬೇಕು. ಜೋಡಿಯವಳನ್ನು ಹೊಗಳಬೇಕು. ಕೇಳುವವರು ಇಲ್ಲ ಇಲ್ಲ, ನೀವೇ ಆಗಬೇಕು ಅನ್ನಬೇಕು. ಇನ್ನೊಮ್ಮೆ ಒಲ್ಲೆ ಅನ್ನಬೇಕು. ಮತ್ತೆ ಕೇಳಿದರೆ ಸೆರಗು ಸರಿಮಾಡಿಕೊಂಡು ಗಂಟಲು ಸರಿಪಡಿಸಿಕೊಳ್ಳಬೇಕು. ಭಜನೆಯಲ್ಲಿ ಹತ್ತು ಹೆಂಗಸರಿದ್ದರೆ ಅರ್ಧ ಹೊತ್ತು ಇದರಲ್ಲೇ ಹೋಗುತ್ತದೆ, ಅದರಲ್ಲೂ ಒಂದು ಸೊಗಸಿದೆ.

ಆ ಹುಡುಗ ತಲೆಯಾಡಿಸಿದ. "ಹೌದೇನ್ರೀ? ಮತ್ತ ನಿಲಂಗಾದಾಗ ಅವರ ಮನಿ ಎಲ್ಲಿ ಬರ್ತದ? ನಂಬರ್ ಅದ ಏನು ನಿಮ್ಮ ಹತ್ತಿರ?"

ನಂಬರನ್ನು ನಾನೇ ಕೊಟ್ಟೆ. ಕೇಳಿದ ಮೇಲೆ ಕೊಡದೆ ಇರಲು ಆಗುತ್ತದೆಯೇ? ಚಹಾ ಕುಡಿದು, ಕಾಲು ಮುಟ್ಟಿ ನಮಸ್ಕಾರ ಮಾಡಿ, ಜೀಪು ಹತ್ತಿ ಹೋದರು. ಸುಸಲಾಕ್ಕೆ ಮೂರು ಸಲ ಒತ್ತಾಯ ಮಾಡಿಸಿಕೊಂಡ ಹುಡುಗರು ಹಾಡಿಗೆ ನನ್ನನ್ನು ಎರಡನೆಯ ಸಲ ಕೇಳಲಿಲ್ಲ. ತಿನ್ನುವುದರಲ್ಲಿ ಗೊತ್ತಿರುವ ರೀತಿ ಹಾಡಿನಲ್ಲಿ ಗೊತ್ತಾಗಬಾರದೆ?

ನಮ್ಮವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ನಿನ್ನ ಕಾಲ ಮ್ಯಾಲ ನೀನೇ ಕಲ್ಲ ಹಾಕ್ಕೊಂಡಿ ನೋಡು" ಅಂದರು.

"ಮತ್ತ ಕೇಳ್ತಾರ ಬಿಡ್ರಿ. ಎಲ್ಲಿ ಹೋಗ್ತಾರ?"

"ನಿಲಂಗಾಕ್ಕ ಹೋಗ್ತಾರ" ಅಂದರು, ನಕ್ಕರು, ಅಂಗಡಿಗೆ ಹೋದರು. ಅವರಿಗೇನು, ತೊಗರಿಯ ಭಾವ ಒಂದು ಏರಿದರೆ ಸಾಕು.

ಆದರೂ ನಾನು ಧೈರ್ಯವಾಗಿದ್ದೆ. ಏಕೆಂದರೆ ಆ ರೀತಿ ಅವಳಿಗೂ ಗೊತ್ತು. ಹುಡುಗರು ಹೋಗಿ ಕೇಳಿದರೆ ಅವಳೂ ಅನ್ನಬೇಕು: ನನಗೆಲ್ಲಿ ಬರ್ತದ, ಉಮರಗಾದಾಕಿ ಇರಲಾರದ ನಾ ಹ್ಯಾಂಗ ಹಾಡ್ಲಿ ಅಂತ. ಒಂದು ಸಲ ನನ್ನ ಹೆಸರು ತೆಗೆದರೆ ಸಾಕು, ಹುಡುಗರು ತಿರುಗಿ ನಮ್ಮ ಬಾಗಿಲಿಗೆ ಬರುತ್ತಾರೆ. ಕಡಿಮೆಯೆಂದರೆ ಇಬ್ಬರನ್ನೂ ಕೂರಿಸುತ್ತಾರೆ. ಅದೇ ಲೆಕ್ಕದಲ್ಲಿ ನಾನು ದಿನಾ ಮಧ್ಯಾಹ್ನ ಒಳ್ಳೆಯ ಸೀರೆ ಉಟ್ಟು ಕೂತೆ. ಬೆಚ್ಚಗಿನ ನೀರಿಗೆ ಉಪ್ಪು ಹಾಕಿ ಗಂಟಲು ಮುಕ್ಕಳಿಸಿದೆ. ಜೀಪಿನ ಸದ್ದಾದರೆ ಸಾಕು, ಕಿಟಕಿಗೆ ಹೋಗುತ್ತಿದ್ದೆ.

ಅವರು ಬರಲಿಲ್ಲ. ಅವಳ ಫೋನೂ ಬರಲಿಲ್ಲ. ಬಂದದ್ದು ವಿಡಿಯೊ, ಅದೂ ಓಣಿಯ ಹೆಂಗಸೊಬ್ಬಳ ಫೋನಿನಲ್ಲಿ. ಮಾಕಣಿಯ ಧರಣದ, ಅಂದರೆ ಅಣೆಕಟ್ಟಿನ, ಕಟ್ಟೆಯ ಮೇಲೆ ಅವಳು ನಿಂತಿದ್ದಾಳೆ, ಸೆರಗು ಗಾಳಿಗೆ ಹಾರುತ್ತಿದೆ, ಹಿಂದೆ ಬೆಲ್ ಬಾಟಮ್ಮಿನ ಹುಡುಗರು ನಡೆಯುತ್ತಿದ್ದಾರೆ, ಸಂತಿ ಹಾಡು ಕೇಳಿಸುತ್ತಿದೆ. ನನ್ನ ತವರಿನ ಬಗಲಿನ ನೀರಿನ ಮುಂದೆ ನನ್ನ ಹಾಡು. ಅವಳ ತವರೂ ಅದೇ, ಹಾಡೂ ಇಬ್ಬರದು ಅನ್ನುವ ನ್ಯಾಯ ಆಗ ನನ್ನ ತಲೆಗೆ ಬರಲಿಲ್ಲ. ಮೈಯೆಲ್ಲ ಉರಿಯಿತು.

ನಾನು ಮುಂದೆ ಹೇಳುತ್ತಿದ್ದ ಸಾಲುಗಳನ್ನು ಅವಳು ಹೇಳುತ್ತಿದ್ದಳು. ಹಿಂದೆ ಹಿಡಿಯುವ ಕಡೆ ಗಿಟಾರು. ಅವಳ ಸಾಲು ಮುಗಿಯುತ್ತಲೇ ಗಿಟಾರು ಕುಂಯ್ ಅಂತ ಅದನ್ನು ಎತ್ತಿಕೊಂಡು ಹೊರಳಾಡುತ್ತಿತ್ತು. ನನ್ನ ಜಾಗದಲ್ಲಿ ಅವಳು, ಅವಳ ಜಾಗದಲ್ಲಿ ಒಂದು ಕಟ್ಟಿಗೆ. ಮೂರನೆಯವಳಾಗಿಯಾದರೂ ನನಗೆ ಜಾಗವಿಲ್ಲ.

"ಎಷ್ಟ ಛಂದ ಹಾಡ್ಯಾಳಲ್ಲರೀ ನಿಮ್ಮ ಗೆಳತಿ" ಅಂದಳು ಓಣಿಯವಳು.

"ಹೌದು, ಛಲೋ ಅದ. ಗಿಟಾರ್ ಅದ ನೋಡ್ರಿ, ಅದರೊಳಗ ಎಲ್ಲಾ ಮುಚ್ಚಿ ಹೋಗ್ತದ" ಅಂದೆ.

ಇಡೀ ಉಮರಗಾ ನನಗೆ ಅಭಿನಂದನೆ ಹೇಳಲು ಶುರುಮಾಡಿತು. ಎಸ್‌ಟಿ ಬಸ್ ಸ್ಟ್ಯಾಂಡಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಮಠದ ಬಾಗಿಲಲ್ಲಿ, ಎಲ್ಲೆಲ್ಲೂ ನಿಮ್ಮ ಗೆಳತಿ, ನಿಮ್ಮ ಗೆಳತಿ. ಹಲ್ಲು ಕಿರಿದು ಕಿರಿದು ನನ್ನ ದವಡೆ ನೋಯಿತು. ಮನೆಗೆ ಬಂದು ನಮ್ಮವರ ಮುಂದೆ ಕೂಗಾಡಿದೆ. ಬೇರು ಅಂತ, ರೂಟ್ಸ್ ಅಂತ, ಇದೆಲ್ಲ ಏನ್ರೀ ಅಂದೆ. ಅವರು ಅಡಿಕೆ ಕತ್ತರಿಸುತ್ತಾ, "ಬೇರಂದ ಮ್ಯಾಲ ಮಣ್ಣಾಗ ಇರಬೇಕಲ್ಲಾ. ಸ್ಟೇಜಿನ ಮ್ಯಾಲ ಏನು ಕೆಲಸ ಅದಕ್ಕ?" ಅಂದರು. ಅದೊಂದು ದಿನ ಅವರ ಮೇಲೆ ನನಗೆ ಪ್ರೀತಿ ಉಕ್ಕಿತು.

ಆದರೆ ನನ್ನನ್ನು ನಿಜವಾಗಿ ಸುಡುತ್ತಿದ್ದದ್ದು ಫೋಟೊ ಅಲ್ಲ, ಗಿಟಾರೂ ಅಲ್ಲ. ಹುಡುಗರು ಕೇಳಿದಾಗ ಅವಳು ನನ್ನ ಹೆಸರು ತೆಗೆದಳೋ ಇಲ್ಲವೋ, ಅದು. ಅವಳು ತೆಗೆದೂ ಹುಡುಗರೇ ಬೇಡ ಅಂದಿದ್ದರೆ ನನ್ನ ದನಿ ಒಡೆದಿದೆ, ಮುಗಿಯಿತು. ತೆಗೆಯದೇ ಇದ್ದರೆ ನಮ್ಮಿಬ್ಬರ ನಡುವೆ ಇಷ್ಟು ವರ್ಷ ಇದ್ದದ್ದು ಏನು? ರೊಟ್ಟಿ ಬಡಿಯುವಾಗ ಇದೇ, ಲಿಂಗಪೂಜೆಗೆ ಕೂತರೆ ಇದೇ. ಫೋನು ಮಾಡಿ ಕೇಳಬಹುದಿತ್ತು. ಫೋನಿನಲ್ಲಿ ಮುಖ ಕಾಣುವುದಿಲ್ಲ, ಅವಳು ಏನು ಬೇಕಾದರೂ ಹೇಳಬಹುದು ಅಂತ ಬಿಟ್ಟೆ.

ಕೊನೆಗೆ ಅವಳೇ ಫೋನು ಮಾಡಿದಳು. "ಉದಗೀರಾಗ ಕಾರ್ಯಕ್ರಮ ಅದ. ಆಲ್ಬಮ್ ಹೊರಗ ತರ್ತಾರಂತ. ನೀ ಬರಲೇಬೇಕು ಬಾಯಿ" ಅಂದಳು. ಮೊದಲಿನಿಂದಲೂ ಅವಳು ನನ್ನನ್ನು ಬಾಯಿ ಅಂತಲೇ ಕರೆಯುವುದು. ದನಿಯಲ್ಲಿ ಸಂಕೋಚವಿತ್ತೋ, ಸೊಕ್ಕಿತ್ತೋ, ಆ ಹೊತ್ತಿಗೆ ನನಗೆ ಎಲ್ಲವೂ ಸೊಕ್ಕಿನ ಹಾಗೇ ಕೇಳಿಸುತ್ತಿತ್ತು.

ಹೋದೆ. ಹೋಗದಿದ್ದರೆ ಮಂದಿ ಏನಂದಾರು? ಕವರಿನಲ್ಲಿ ಅವಳು ಉಟ್ಟದ್ದಕ್ಕಿಂತ ಭಾರಿ ಇಲಕಲ್ ಸೀರೆ ಉಟ್ಟೆ, ಬಿಸಿಲಿಗೆ ಅದು ಮೈಗೆ ಅಂಟಿ ಜೀವ ತಿಂದಿತು. ಬಸ್ಸು ನಿಲಂಗಾ ದಾಟಿ ಶಿರೂರ ಅನಂತಪಾಳದಲ್ಲಿ ನಿಂತಾಗ ಚಹಾದ ಅಂಗಡಿಯ ಸ್ಪೀಕರಿನಲ್ಲಿ ಅದೇ ಹಾಡು. ಚಹಾ ಕುಡಿಯದೆ ಬಂದು ಕೂತೆ.

ಕಾರ್ಯಕ್ರಮ ಮದುವೆಯ ಕಾರ್ಯಾಲಯದಲ್ಲಿ, ಅಂದರೆ ಕಲ್ಯಾಣಮಂಟಪದಲ್ಲಿ. ಮಧ್ಯಾಹ್ನಕ್ಕೇ ಸಭಾಂಗಣ ತುಂಬಿತ್ತು. ಕಾಲೇಜಿನ ಹುಡುಗ ಹುಡುಗಿಯರು, ಅವರ ನಡುವೆ ರುಮಾಲಿನ ಹಿರಿಯರು. ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಹುಡುಗರು ಮೂರು ನಾಲ್ಕು ಹಾಡು ನುಡಿಸಿದರು, ಡ್ರಮ್ಮಿನ ಸದ್ದಿಗೆ ನನ್ನ ಬಳೆ ನಡುಗುತ್ತಿತ್ತು. ಆಮೇಲೆ ಅವಳು ಬಂದಳು. ಸಭೆಗೆ ಕೈ ಮುಗಿದು ಶರಣಾರ್ಥಿ ಅಂದಳು. ಕಾಲೇಜಿನ ಹುಡುಗರು ಸಿಳ್ಳೆ ಹೊಡೆದರು. ಐವತ್ತರ ಹತ್ತಿರ ಬಂದ, ಸೊಸೆ ತಂದ ಹೆಂಗಸಿಗೆ ಸಿಳ್ಳೆ! ಅವಳು ನಾಚಿ ನಕ್ಕಳು. ನನಗೆ ಯಾರೂ ಯಾವತ್ತೂ ಸಿಳ್ಳೆ ಹೊಡೆದಿರಲಿಲ್ಲ.

ಸಂತಿ ಹಾಡು ಶುರುವಾಯಿತು. ನಾನು ಮನಸ್ಸಿನಲ್ಲಿ ಬೇಡಿಕೊಂಡದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಎಲ್ಲಾದರೂ ತಪ್ಪಲಿ ಅಂತ ಬೇಡಿಕೊಂಡೆ. ಮೂರನೆಯ ನುಡಿಯಲ್ಲಿ ಒಂದು ಏರು ಇದೆ. ಅಲ್ಲಿ ದನಿ ಪೂರಾ ಮೇಲೆ ಹೋಗಬೇಕು. ಅದನ್ನು ಯಾವಾಗಲೂ ನಾನೇ ಏರಿದವಳು, ಅವಳು ಏರಿಯೇ ಇಲ್ಲ. ಅಲ್ಲಿ ಸಿಕ್ಕಿಬೀಳುತ್ತಾಳೆ ಅಂತ ಕಾದೆ. ಅವಳು ಏರಲಿಲ್ಲ. ಆ ಜಾಗದಲ್ಲಿ ದನಿಯನ್ನು ಕೆಳಗೆ ಇಳಿಸಿ, ಬಗಲಲ್ಲಿ ಕೂತವಳಿಗೆ ಗುಟ್ಟು ಹೇಳುವ ಹಾಗೆ ಆ ಸಾಲು ಹೇಳಿದಳು. ಸಂತೆಗೆ ಬಂದವಳು ಖಾಲಿ ಬುಟ್ಟಿ ಹಿಡಿದು ಮನೆಗೆ ತಿರುಗುವ ಸಾಲು ಅದು. ಅದನ್ನು ಕೂಗಿ ಹೇಳುವವರು ಯಾರು? ಸಿಳ್ಳೆ ಹೊಡೆದ ಹುಡುಗರೂ ಮುಂದಕ್ಕೆ ಬಾಗಿ ಕೇಳಿದರು. ಇಷ್ಟು ವರ್ಷ ಆ ಸಾಲನ್ನು ನಾನು ಗಂಟಲು ಹರಿದುಕೊಂಡು ಹಾಡಿದ್ದೆ. ಅವಳು ಹಾಡಿದ್ದು ಸರಿಯಾಗಿತ್ತು. ಕೆಟ್ಟದಾಗಿ ಹಾಡಿದ್ದರೆ ನಾನು ಅವತ್ತೇ ಅವಳನ್ನು ಕ್ಷಮಿಸಿಬಿಡುತ್ತಿದ್ದೆ.

ಕಾರ್ಯಕ್ರಮ ಮುಗಿದ ಮೇಲೆ ಹಿಂದಿನ ಅಂಗಳದಲ್ಲಿ ಊಟ. ಹಳದಿ ಕನ್ನಡಕದ ಗಿಟಾರಿನವನು ನನ್ನನ್ನು ಗುರುತು ಹಿಡಿದು ತಟ್ಟೆ ಸಮೇತ ಬಂದ.

"ಕಾಕೂ, ನೀವು ಬಂದಿದ್ದು ಭಾಳ ಛಲೋ ಆಯ್ತು. ನೀವು ಒಲ್ಲೆ ಅಂದ್ರಿ, ಇಲ್ಲಂದ್ರ ನಮಗ ನೀವೇ ಬೇಕಾಗಿತ್ತು. ಮತ್ತ ಜೋಡಿಗಿ ಇನ್ನ್ಯಾರರೆ ಇದ್ದಾರೇನು ಅಂತ ನಿಲಂಗಾದ ಕಾಕೂಗಿ ಕೇಳಿದ್ವಿ. ಯಾರೂ ಇಲ್ಲ, ನಾ ಒಬ್ಬಾಕೇ ಹಾಡ್ತೀನಿ ಅಂದ್ರು. ಅದಕ್ಕ ಗಿಟಾರ್ ಹಾಕಿದ್ವಿ ನೋಡ್ರಿ."

ಹೇಳಿ ಇನ್ನೊಂದು ರೊಟ್ಟಿ ತರಲು ಹೋದ. ನನ್ನ ಕೈಯಲ್ಲಿದ್ದ ತಟ್ಟೆಯನ್ನು ಅಲ್ಲೇ ಕಟ್ಟೆಯ ಮೇಲಿಟ್ಟೆ.

ಅವಳು ವಧುವಿನ ಕೋಣೆಯಲ್ಲಿದ್ದಳು. ಗೋಡೆಗೆ ದೊಡ್ಡ ಕನ್ನಡಿ, ಅದರ ಮುಂದೆ ಕೂತು ಮುಡಿಯಿಂದ ಮಲ್ಲಿಗೆ ಬಿಡಿಸುತ್ತಿದ್ದಳು. ನಾನು ಬಾಗಿಲು ಮುಂದಕ್ಕೆ ಎಳೆದೆ. ಹೊಗಳಿಕೆ, ಕುಶಲ ಏನೂ ಇಲ್ಲ, ನೇರ ಕೇಳಿದೆ.

"ಆ ಹುಡುಗೋರು ಬಂದಾಗ ನನ್ನ ಹೆಸರು ತೆಗದಿ ಏನು?"

"ಇಲ್ಲ" ಅಂದಳು.

ಮರೆತೆ ಅನ್ನುತ್ತಾಳೆ, ಅವರೇ ಅವಸರ ಮಾಡಿದರು ಅನ್ನುತ್ತಾಳೆ ಅಂತ ನಾನು ಎಲ್ಲದಕ್ಕೂ ಉತ್ತರ ತಯಾರು ಮಾಡಿಕೊಂಡು ಬಂದಿದ್ದೆ. ಇಲ್ಲ ಅನ್ನುವುದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಯಾಕ?"

"ತೆಗದಿದ್ದರ ಅವರು ತಿರುಗಿ ನಿನ್ನ ಕಡೀನೇ ಬರ್ತಿದ್ದರು. ಎರಡನೇ ಸಲ ಕೇಳಿದ್ದರ ನೀ ಹೂಂ ಅಂತಿದ್ದಿ. ನಾ ಮತ್ತ ಹಿಂದ ಕೂಡ್ತಿದ್ದೆ."

"ಹಿಂದ ಕೂಡೋದು ಅಷ್ಟು ತ್ರಾಸ ಆಗಿತ್ತೇನು ನಿನಗ?"

"ತ್ರಾಸಲ್ಲ ಬಾಯಿ. ಹೊಟ್ಟಿ ಉರೀತಿತ್ತು." ಮಲ್ಲಿಗೆಯನ್ನು ಮಡಿಲಿಗೆ ಹಾಕಿಕೊಂಡು ಕನ್ನಡಿಯಲ್ಲೇ ನನ್ನ ಮುಖ ನೋಡಿದಳು. "ಪತ್ರಾ ಶೆಡ್ಡಿನಾಗಿಂದ ಉರ್ಕೋತ ಬಂದೀನಿ. ನಿನಗ ಎಲ್ಲಾರೂ ಹಾಡು ಅಂತಿದ್ದರು. ನನಗ ಆಕಿ ಸಂಗಟ ಕೂಡು ಅಂತಿದ್ದರು. ಒಮ್ಮೆರೆ ನೀ ನನಗ ಮುಂದ ಹೇಳು ಅಂದೀಯೇನು?"

ಅಂದಿರಲಿಲ್ಲ. ಅನ್ನಬೇಕು ಅಂತ ಹೊಳೆದೂ ಇರಲಿಲ್ಲ. ಈ ಕೆಲವು ತಿಂಗಳು ನನಗಾದದ್ದು ಅವಳಿಗೆ ಇಷ್ಟು ವರ್ಷ ಆಗಿದೆ, ಅದೂ ನನ್ನ ಬಗಲಲ್ಲೇ ಕೂತು, ನನ್ನ ಮನೆಯ ಪ್ರಸಾದ ಉಂಡು. ನನಗೆ ಗೊತ್ತೇ ಆಗಿರಲಿಲ್ಲ. ಸಿಟ್ಟು ಇಳಿಯಲಿಲ್ಲ, ಆದರೆ ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಅವಳ ಬಗಲಿನ ಸ್ಟೂಲಿನ ಮೇಲೆ ಕೂತೆ.

"ಇವತ್ತು ನೀ ಹಿಂದ ಹಿಡಿ, ನೋಡೋಣು" ಅಂದಳು. ಅಂದವಳೇ ಸಣ್ಣ ದನಿಯಲ್ಲಿ ಸಂತಿ ಹಾಡು ಎತ್ತಿದಳು.

ಇದರಲ್ಲೇನಿದೆ ಅಂದುಕೊಂಡೆ. ಒಂದೊಂದು ಅಕ್ಷರ ನನಗೆ ಗೊತ್ತು. ಅವಳ ಸಾಲು ಮುಗಿಯಲಿ ಅಂತ ಕಾದೆ, ಹಿಡಿದೆ.

"ಖಾಲಿ ಬಿತ್ತು" ಅಂದಳು.

ಮತ್ತೆ ಎತ್ತಿದಳು. ಈ ಸಲ ಬೇಗ ಹಿಡಿದೆ, ಅವಳ ಮಾತನ್ನೇ ತುಳಿದೆ. ಇನ್ನೊಮ್ಮೆ. ಈ ಸಲ ಸರಿಯಾಗಿ ಸಿಕ್ಕಿತು, ಆದರೆ ನನ್ನ ಸಾಲು ಮುಗಿಯುವುದರೊಳಗೆ ಅವಳು ಮುಂದಿನದನ್ನು ಎತ್ತಿಬಿಟ್ಟಳು, ಅದರ ಕೊನೆಗೆ ನಾನು ಮತ್ತೆ ತಯಾರಿರಬೇಕು. ಎರಡು ನುಡಿಗೆ ನನ್ನ ಉಸಿರು ಕಟ್ಟಿತು. ಎದೆ ಹಿಡಿದುಕೊಂಡು ಕೆಮ್ಮಿದೆ. ಅವಳು ತಂಬಿಗೆಯ ನೀರು ಕೊಟ್ಟಳು.

"ಇದರಾಗ ನೀ ಉಸುರು ಎಲ್ಲಿ ತಗೋತಿದ್ದಿ?" ಅಂತ ಕೇಳಿದೆ.

"ನೀ ಬೇಕಾದಲ್ಲಿ ತಗೋತಿದ್ದಿ. ನೀ ತಗೊಂಡಾಗ ನಾ ತಗೋತಿದ್ದಿಲ್ಲ" ಅಂದಳು.

ಇಷ್ಟು ವರ್ಷ ಹಾಡು ಕೇಳಿದವರೆಲ್ಲ ಎದ್ದು ಹೋಗುವಾಗ ನನ್ನ ಕೈ ಹಿಡಿದು ಹೇಳುತ್ತಿದ್ದ ಮಾತು ಒಂದೇ: ನಿಮ್ಮ ಹಾಡು ಎಲ್ಲೂ ಕಡಿಯೋದಿಲ್ಲ ನೋಡ್ರಿ. ನಾನು ಹೌದು ಅಂತ ನಂಬಿದ್ದೆ, ತಲೆಬಾಗಿ ಆ ಮಾತು ತೆಗೆದುಕೊಂಡಿದ್ದೆ. ಕಡಿಯದೇ ಇದ್ದದ್ದು ಅವಳ ಉಸಿರು. ಈಗ ನನಗೆ ಅದರ ಮೇಲೂ ಹೊಟ್ಟೆಕಿಚ್ಚು.